ವರತೆಯ ತಳದ ಹೆಸರು

ಹಾಲವ್ವನ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಆಶ್ರಮ ಎಂದರೆ ದೊಡ್ಡದೇನೂ ಅಲ್ಲ. ಒಂದು ಬೇವಿನ ಮರ, ಅದರಡಿ ಎರಡು ಗುಡಿಸಲು, ಕೆಲವು ಶಿಷ್ಯರು. ಉಪದೇಶ ಕೇಳಲು ಬಂದವರ ಕೈಗೆ ಹಾಲವ್ವ ಮೊದಲು ಒಂದು ಕೆಲಸ ಕೊಡುತ್ತಿದ್ದಳು. ಅರ್ಧ ಜನ ಅಲ್ಲಿಂದಲೇ ಕಾಲು ಕೀಳುತ್ತಿದ್ದರು.

ಅಡಿವೆಪ್ಪ ಕಾಲು ಕಿತ್ತವನಲ್ಲ. ವರ್ಷಗಳಿಂದ ಅಲ್ಲೇ ಇದ್ದ. ಬುದ್ಧಿವಂತ. ಓದಿದ್ದನ್ನು ಮರೆಯುತ್ತಿರಲಿಲ್ಲ, ತಾನು ಓದಿದ್ದೇನೆ ಎಂಬುದನ್ನಂತೂ ಒಂದು ಗಳಿಗೆಯೂ ಮರೆಯುತ್ತಿರಲಿಲ್ಲ.

ಒಂದು ಬೇಸಿಗೆ ಅವನು ಕೇಳಿದ.

"ಅವ್ವಾ, ಮನುಷ್ಯಾರು ಊರು ಕಟ್ಟಿದ್ದು ಹೊಳಿ ದಂಡಿ ಮ್ಯಾಲ, ರಾಜ್ಯ ಕಟ್ಟಿದ್ದೂ ಹೊಳಿ ದಂಡಿ ಮ್ಯಾಲ. ಹೊಳಿ ದಿಕ್ಕು ಬದಲಿಸ್ತು. ಉಸುಕು ಬಂದು ಎಲ್ಲಾ ಮುಚ್ಚಿತು. ಈಗ ಅಗದ್ರ ಮಡಕಿ ಚೂರು ಸಿಗ್ತಾವ. ಉಳಿಯೂ ಹಂಗ ಕಟ್ಟೂದು ಹೆಂಗ್ರಿ?"

ಹಾಲವ್ವ ಬೇವಿನ ಹೂ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಚಲೋ ಪ್ರಶ್ನೆ. ಸಲಿಕಿ ತಗೊಂಡು ಹೊಳಿಗೆ ಹೋಗು. ಈ ಬ್ಯಾಸಿಗಿ ವರತಿ ನಿಂದು."

ಹೊಳೆ ಬತ್ತಿದ ಮೇಲೆ ಆ ಕಡೆಯ ಜನ ಮರಳಿನಲ್ಲಿ ಗುಂಡಿ ತೋಡುತ್ತಾರೆ. ಸೆಲೆ ಇದ್ದ ಕಡೆ ತೋಡಿದರೆ ತಳದಲ್ಲಿ ನೀರು ಒಸರುತ್ತದೆ. ಅದೇ ವರತೆ. ಮೊದಲು ಬರುವ ರಾಡಿಯನ್ನು ಎತ್ತಿ ಚೆಲ್ಲಬೇಕು. ಆಮೇಲೆ ಸುಮ್ಮನೆ ಕೂತು ಕಾಯಬೇಕು. ತಿಳಿನೀರು ತುಂಬಿಕೊಂಡ ಮೇಲೆ ತೆಂಗಿನ ಪರಟೆಯಲ್ಲಿ ಮೊಗೆದು ಕೊಡ ತುಂಬಿಸಬೇಕು. ಸಂತೆಗೋ ಬೀಗರೂರಿಗೋ ಹೊಳೆ ದಾಟಿ ನಡೆದು ಹೋಗುವವರಿಗೆಲ್ಲ ಬೇಸಿಗೆಯಲ್ಲಿ ಆಶ್ರಮದ ವರತೆಯೇ ಗತಿ.

ಹಾಲವ್ವ ತೋರಿಸಿದ ಜಾಗದಲ್ಲಿ ಅಡಿವೆಪ್ಪ ತೋಡಿದ. ನೀರು ಬಂತು. ಕೊಡ ತುಂಬಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ವರತೆಯ ಬದು ಕುಸಿದು ಅರ್ಧ ಗುಂಡಿ ಮುಚ್ಚಿಕೊಂಡಿತ್ತು. ಮತ್ತೆ ತೋಡಿದ. ಅದರ ಮರುದಿನವೂ ಅದೇ ಕಥೆ.

ಅವನಿಗೆ ರೇಗಿತು. ಸಲಿಕೆಯನ್ನು ತಂದು ಗುಡಿಸಲಿನ ಮುಂದೆ ಒಗೆದ.

"ಅವ್ವಾ, ನಿನ್ನೆ ತಗದ ಉಸುಕೆಲ್ಲ ಇವತ್ತ ತಿರುಗಿ ಬಂದು ಬಿದ್ದೈತ್ರಿ."

"ನಿನ್ನ ಪುಸ್ತಕದಾಗ ಉಸುಕಿಗೆ ಏನಂತಾರ?"

"ಮರಳು ಅಂತಾರ್ರಿ."

"ಮರಳು ಅಂದ್ರ ತಿರುಗಿ ಬಾ ಅಂತಲ್ಲೇನು? ಅದು ಹೆಸರಿಗೆ ತಕ್ಕಂಗ ನಡಕೊಂಡೈತಿ. ನೀನೂ ತಿರುಗಿ ಹೋಗಿ ತೋಡು."

ಉಳಿದ ಶಿಷ್ಯರು ಕಿಸಕ್ಕನೆ ನಕ್ಕರು. ಅಡಿವೆಪ್ಪನಿಗೆ ನಗು ಬರಲಿಲ್ಲ. ಅವನು ಸಲಿಕೆ ಎತ್ತಿಕೊಂಡು ಹೋದ. ಆದರೆ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಹಾಕಿದ್ದ.

ದಂಡೆಯ ಮೇಲಿನ ಕಲ್ಲು ಆರಿಸಿದ. ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಗಾರೆ ಮಾಡಿದ. ಅಗಲವಾದ ಒಂದು ಚಪ್ಪಡಿ ಹುಡುಕಿ, ಅದರ ಮೇಲೆ ಗಾರೆ ಬಳಿದು, ಗಾರೆ ಹಸಿ ಇರುವಾಗಲೇ ಕಡ್ಡಿಯಿಂದ ಏನನ್ನೋ ಬರೆದು, ಮರದ ನೆರಳಲ್ಲಿ ಒಣಗಿಸಿದ. ಒಣಗಿದ ಮೇಲೆ ಅದನ್ನು ವರತೆಯ ತಳಕ್ಕೆ ಇಳಿಸಿದ. ಅದರ ಅಂಚಿನ ಮೇಲೆ ಸುತ್ತ ಗೋಡೆ ಎಬ್ಬಿಸಿದ. ನೀರು ಬರಲಿ ಎಂದು ಅಲ್ಲಲ್ಲಿ ಸಂದು ಬಿಟ್ಟ.

ನೀರು ಬಂತು, ಸಂದುಗಳಿಂದ ಮೆಲ್ಲಗೆ ಮೇಲೆದ್ದು ತುಂಬಿಕೊಂಡಿತು. ಒಂದು ಕಾಳು ಮರಳೂ ಬೀಳಲಿಲ್ಲ.

ದಾರಿಹೋಕರು ಬಾಯಿ ತುಂಬ ಹೊಗಳಿದರು. ಹೀಗೆ ಕಟ್ಟಿದ ವರತೆಯನ್ನು ತಾವು ಎಲ್ಲೂ ನೋಡಿಲ್ಲ ಎಂದರು. ಅಡಿವೆಪ್ಪ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ.

"ಅವ್ವಾ, ನನ್ನ ಪ್ರಶ್ನೆಗೆ ಉತ್ತರ ನಾನ ಕಟ್ಟೀನ್ರಿ. ಬಂದು ನೋಡ್ರಿ."

ಹಾಲವ್ವ ಕೋಲೂರಿಕೊಂಡು ಬಂದಳು. ವರತೆಯ ಬದಿಗೆ ಕೂತಳು. ಪರಟೆಯಲ್ಲಿ ನೀರು ಮೊಗೆದು ಕುಡಿದಳು. ಅಲೆ ನಿಂತ ಮೇಲೆ ಬಗ್ಗಿ ತಳ ನೋಡಿದಳು. ತಿಳಿನೀರಿನ ಕೆಳಗೆ, ಬಿಳಿ ಗಾರೆಯ ಮೇಲೆ ಒಂದು ಹೆಸರು ಕಂಡಿತು.

"ದುಂಡವ್ವ ಅಂದ್ರ ಯಾರೋ?"

ಅಡಿವೆಪ್ಪನ ಮುಖದ ಮೇಲಿನ ಹಮ್ಮು ಇಳಿಯಿತು.

"ನನ್ನ ತಂಗಿರಿ."

"ಎಲ್ಲಿರ್ತಾಳ?"

"ಇಲ್ರಿ. ಸಣ್ಣಾಕಿ ಇದ್ದಾಗ್ಲೇ ಹೋದ್ಲು."

ಹಾಲವ್ವ ಪರಟೆ ಕೆಳಗಿಟ್ಟಳು.

"ಹೇಳು."

"ಹೊಳ್ಯಾಗ ನಾವಿಬ್ರೂ ಆಡ್ತಿದ್ವಿರಿ. ಹಸಿ ಉಸುಕಿನಾಗ ಕಾಲಿಟ್ಟು, ಮ್ಯಾಲ ಉಸುಕು ಒಟ್ಟಿ, ತಟ್ಟಿ, ಮೆಲ್ಲಕ ಕಾಲು ತಗದ್ರ ಗುಬ್ಬಿ ಗೂಡು ಆಗತಿತ್ತು. ನಂದು ಕುಸಿದ್ರ ನಾ ಅಳ್ತಿದ್ದೆ. ಆಕೀದು ಕುಸಿದ್ರ ಆಕಿ ಚಪ್ಪಾಳಿ ತಟ್ಟಿ ನಗ್ತಿದ್ಲು."

"ಆಮ್ಯಾಲ?"

"ಒಂದು ಬ್ಯಾಸಿಗ್ಯಾಗ ಆಕಿಗೆ ಜ್ವರ ಬಂತು. ನೀರು, ನೀರು ಅಂದ್ಲು. ಮನ್ಯಾಗ ಹನಿ ನೀರಿರ್ಲಿಲ್ಲ. ನಾ ಕೊಡ ತಗೊಂಡು ವರತಿಗೆ ಓಡಿದೆ. ವರತಿ ಕುಸಿದಿತ್ತು. ಕೈಲೆ ತೋಡಿದೆ. ತೋಡಿದಷ್ಟೂ ಉಸುಕು ಬಿತ್ತು. ನೀರು ತಗೊಂಡು ಮನಿಗೆ ಬರೂದ್ರಾಗ ಆಕಿ ಕೇಳೂದು ಬಿಟ್ಟಿದ್ಲು."

ಅವನು ತಳದ ಹೆಸರಿನ ಕಡೆ ನೋಡಿದ.

"ಅದಕ್ಕರಿ ಅವ್ವಾ. ನನ್ನ ವರತಿ ಕುಸೀಬಾರದು. ಕುಡದವರೆಲ್ಲ ಆಕಿ ಹೆಸರು ನೋಡಬೇಕು."

ಹಾಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ಮುಚ್ಚಿಡಲು ಹೋಗಲಿಲ್ಲ.

"ನೀರು ತಂಪೈತಿ," ಎಂದಷ್ಟೇ ಹೇಳಿ ದಂಡೆ ಹತ್ತಿದಳು.

ಗುರು ಒಪ್ಪಿದಳು ಎಂದು ಅಡಿವೆಪ್ಪ ತಿಳಿದ.

ಬೇಸಿಗೆ ಬಲಿಯಿತು. ವರತೆಯಲ್ಲಿ ನೀರು ತಗ್ಗುತ್ತ ಬಂತು. ಮೊದಮೊದಲು ಕೊಡ ಮುಳುಗುತ್ತಿತ್ತು. ಆಮೇಲೆ ಪರಟೆ ಮುಳುಗುವುದೂ ಕಷ್ಟವಾಯಿತು. ಒಂದು ಬೆಳಿಗ್ಗೆ ತಳದ ಹೆಸರು ನೀರಿಲ್ಲದೆ ಒಣಗಿ ನಿಂತಿತ್ತು.

ಅಡಿವೆಪ್ಪ ಯಾರಿಗೂ ಹೇಳಲಿಲ್ಲ. ಪಕ್ಕದಲ್ಲಿ ಇನ್ನೊಂದು ವರತೆ ತೋಡಿದ. ಬಂಡೆ ಹತ್ತಿತು. ಆ ಬದಿಗೆ ತೋಡಿದ, ಅಲ್ಲಿಯೂ ಬಂಡೆ. ಸೆಲೆ ಇದ್ದದ್ದು ಚಪ್ಪಡಿಯ ಕೆಳಗೇ. ಕೊನೆಗೆ ಕೆಳಗಿನ ಊರಿನ ತನಕ ನಡೆದು, ಅಲ್ಲಿಯವರ ವರತೆಯಿಂದ ಒಂದು ಕೊಡ ನೀರು ಬೇಡಿ ತಂದ. ತಂದು ತನ್ನ ವರತೆಗೆ ಸುರಿದ. ಹೆಸರು ನೀರಿನಲ್ಲಿ ಒಂದು ಗಳಿಗೆ ಹೊಳೆಯಿತು. ನೀರು ಸಂದುಗಳಲ್ಲಿ ಇಳಿದು ಹೋಯಿತು.

ತಲೆ ಎತ್ತಿದರೆ ಹಾಲವ್ವ ನಿಂತಿದ್ದಳು.

"ಏನು ಮಾಡಾಕತ್ತಿ?"

"ವರತಿಗೆ ನೀರು ಹಾಕಾಕತ್ತೀನ್ರಿ."

"ಮೊದಲ ವರತಿ ನಮಗ ನೀರು ಕುಡಸತಿತ್ತು. ಈಗ ನಾವು ವರತಿಗೆ ಕುಡಸಬೇಕು. ಭಾರೀ ಸುಧಾರಣಿ ಆತು ಬಿಡು."

ಅವನು ಕೊಡ ಕೆಳಗಿಟ್ಟ.

"ನೀರು ಎಲ್ಲಿ ಹೋತ್ರಿ ಅವ್ವಾ?"

"ಎಲ್ಲೂ ಹೋಗಿಲ್ಲ. ಒಂದು ಮೊಳ ಕೆಳಗ ಕುಂತೈತಿ. ಬ್ಯಾಸಿಗಿ ಬಲಿತಂಗ ನೀರು ಕೆಳಗ ಇಳೀತೈತಿ. ತೋಡಾವನೂ ಅದರ ಬೆನ್ನ ಹಿಂದ ಇಳೀತಾನ. ಉಸುಕು ಕುಸೀತೈತಿ, ಮತ್ತ ತಗೀತಾನ, ತಗೀತಾ ಇನ್ನೊಂದು ಗೇಣು ಕೆಳಗ ಹೋಗ್ತಾನ. ಕುಸಿದದ್ದಕ್ಕ ತೋಡ್ತಾನ, ತೋಡಿದ್ದಕ್ಕ ನೀರು ಸಿಗತೈತಿ."

"ನಂದು?"

"ನಿಂದು ಚಪ್ಪಡಿ ಮ್ಯಾಲ ನಿಂತುಬಿಟ್ಟೈತಿ."

ಅಷ್ಟರಲ್ಲಿ ಹೊಳೆಯ ಆಚೆಯಿಂದ ಒಬ್ಬ ಹೆಂಗಸು ಬಂದಳು. ಬಿಸಿಲು ನೆತ್ತಿಗೇರಿತ್ತು. ಸೊಂಟದಲ್ಲಿ ಕೂಸು, ತಲೆಯ ಮೇಲೆ ಗಂಟು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತ್ತು. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

"ಅಣ್ಣಾ, ಒಂದು ಬೊಗಸಿ ನೀರು ಕೊಡೋ. ಇಲ್ಲಿ ಕಟ್ಟಿದ ವರತಿ ಐತಿ ಅಂದ್ರು. ನಂಬಿಕೊಂಡು ಬಂದೀನಿ."

ಅಡಿವೆಪ್ಪ ಬರಿದಾದ ಕೊಡ ನೋಡಿದ. ದಂಡೆ ಹತ್ತಿ ಓಡಿದ. ಗುಡಿಸಲಿನ ಮಡಕೆಗಳನ್ನು ಬಗ್ಗಿಸಿ ನೋಡಿದ. ಹನಿ ಇರಲಿಲ್ಲ. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ವಾಪಸು ಓಡಿ ಬಂದ.

ವರತೆಗೆ ಇಳಿದು, ಚಪ್ಪಡಿಯ ಸಂದಿಗೆ ಹಾರೆ ಕೊಟ್ಟು ಎತ್ತಿ ನೋಡಿದ. ಅದನ್ನು ಇಡಿಯಾಗಿ ತೆಗೆಯುವ ಆಸೆ ಅವನಿಗೆ. ಚಪ್ಪಡಿ ಅಲುಗಲಿಲ್ಲ. ಅವನೇ ಕಟ್ಟಿದ ಗೋಡೆಯ ಭಾರವೆಲ್ಲ ಅದರ ಮೇಲಿತ್ತು. ಕೆಲಸ ಅಷ್ಟು ಗಟ್ಟಿಯಾಗಿ ಮಾಡಿದ್ದ.

"ಒಡೀಬೇಕಾಗತೈತ್ರಿ," ಎಂದ.

ಹಾಲವ್ವ ಬದಿಗೆ ಬಂದು ಬಗ್ಗಿ ನೋಡಿದಳು.

"ಹೆಸರಿನ ಮ್ಯಾಲ ಹೊಡೀಬೇಕಾಗತೈತ್ರಿ ಅವ್ವಾ. ನನ್ನ ಕಡಿಂದ ಆಗೂದಿಲ್ಲ. ನೀವು ಒಡೀರಿ."

"ಬರದಾವ ನೀನು. ಅದರ ಮ್ಯಾಲ ನನಗ ಹಕ್ಕಿಲ್ಲ."

"ಒಮ್ಮೆ ಆಕೀನ್ನ ಕಳಕೊಂಡೀನ್ರಿ. ಮತ್ತೊಮ್ಮೆ ನನ್ನ ಕೈಯಾರೆ..."

"ಕೂಸಿನ ಬಾಯಿ ನೋಡು, ಅಡಿವೆಪ್ಪ."

ಅವನು ನೋಡಿದ.

ಮೊದಲ ಪೆಟ್ಟಿಗೆ ಗಾರೆ ಸಿಡಿಯಿತು. ಎರಡನೆಯದಕ್ಕೆ ಚಪ್ಪಡಿ ಬಿರಿಯಿತು. ಆಮೇಲೆ ಅವನು ಎಣಿಸಲೂ ಇಲ್ಲ, ನಿಲ್ಲಿಸಲೂ ಇಲ್ಲ. ಅಳುತ್ತ ಹೊಡೆದ. ಚೂರುಗಳನ್ನು ಎತ್ತಿ ಮೇಲಕ್ಕೆ ಎಸೆದ. ಗೋಡೆಯ ಒಂದು ಬದಿ ಜಗ್ಗಿತು, ಅದನ್ನೂ ಕೆಡವಿದ. ಹಾರೆ ಬಿಟ್ಟು ಕೈಯಿಂದ ಮರಳು ತೋಡಿದ. ಮರಳು ಕುಸಿಯಿತು. ತೋಡಿದ. ಮತ್ತೆ ಕುಸಿಯಿತು. ಮತ್ತೆ ತೋಡಿದ. ಕೈ ಮೊಳಕೈ ತನಕ ಇಳಿದಾಗ ಬೆರಳಿಗೆ ತಂಪು ತಾಗಿತು.

ರಾಡಿ ಬಂತು. ಅದನ್ನು ಎತ್ತಿ ಚೆಲ್ಲಿದ. ಮತ್ತೆ ಬಂತು, ಮತ್ತೆ ಚೆಲ್ಲಿದ.

"ಈಗ ಸುಮ್ಮನ ಕುಂದ್ರು," ಎಂದಳು ಹಾಲವ್ವ.

ಅವನು ಕೂತ. ಅಷ್ಟು ಹೊತ್ತು ಅವನು ಜೀವಮಾನದಲ್ಲಿ ಎಂದೂ ಕೂತಿರಲಿಲ್ಲ ಅನ್ನಿಸಿತು. ಹೆಂಗಸೂ ಗುಂಡಿಯ ಬದಿಗೆ ಕೂತು ನೋಡುತ್ತಿದ್ದಳು. ನೀರು ತಿಳಿಯಾಯಿತು.

ಅವನು ಪರಟೆಯಲ್ಲಿ ಮೊಗೆದು ಕೊಟ್ಟ. ತಾಯಿ ಬೆರಳು ಅದ್ದಿ ಕೂಸಿನ ತುಟಿ ಒದ್ದೆ ಮಾಡಿದಳು. ಆಮೇಲೆ ಹನಿ ಹನಿಯಾಗಿ ಕುಡಿಸಿದಳು. ಕೂಸು ಕುಡಿಯಿತು, ಕೆಮ್ಮಿತು, ಮತ್ತೆ ಬಾಯಿ ತೆರೆಯಿತು. ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿ ತಾಯಿ ನಕ್ಕಳು.

"ಪುಣ್ಯಾ ಬರ್ಲಿ ನಿನಗ, ಅಣ್ಣಾ," ಎಂದು ಹೇಳಿ, ಬಿಸಿಲು ಇಳಿಯುವ ತನಕ ಬೇವಿನ ನೆರಳಲ್ಲಿ ಕೂತು, ತನ್ನ ದಾರಿ ಹಿಡಿದಳು.

ಅಡಿವೆಪ್ಪ ವರತೆಯ ಬದಿಗೆ ಬಿದ್ದಿದ್ದ ಗಾರೆಯ ಚೂರುಗಳನ್ನು ಒಟ್ಟು ಮಾಡಿದ. ಜೋಡಿಸಿ ನೋಡಿದ. ಒಂದರಲ್ಲಿ ಅಕ್ಷರದ ತಲೆಕಟ್ಟು ಇತ್ತು, ಇನ್ನೊಂದರಲ್ಲಿ ಬರೀ ಒಂದು ಗೆರೆ. ಹೆಸರು ಕೂಡಿಬರಲಿಲ್ಲ.

"ಇನ್ನ ಯಾರಿಗೂ ಗೊತ್ತಾಗೂದಿಲ್ರಿ ಅವ್ವಾ, ನನ್ನ ತಂಗಿ ಹೆಸರು."

ಹಾಲವ್ವ ಕೋಲು ಬದಿಗಿಟ್ಟು ಅವನ ಪಕ್ಕ ಮರಳಿನ ಮೇಲೆ ಕೂತಳು.

"ಈ ಸೆಲಿ ಎಲ್ಲೈತಿ ಅಂತ ನನಗ ತೋರಿಸಿದವರು ನನ್ನ ಗುರುಗಳು. ತೋಡೂದು ಕಲಿಸಿದವರೂ ಅವರ. ಅವರ ಹೆಸರು ನಿನಗ ಗೊತ್ತೈತೇನು?"

ಅಡಿವೆಪ್ಪ ಚೂರುಗಳನ್ನು ಕೆಳಗಿಟ್ಟ.

"ಇಲ್ರಿ. ನೀವು ಯಾವತ್ತೂ ಹೇಳಿಲ್ಲ."

ಹಾಲವ್ವ ಪರಟೆ ತುಂಬ ನೀರು ಮೊಗೆದು ಅವನ ಕೈಗೆ ಕೊಟ್ಟಳು.

"ಮತ್ತ ಇಷ್ಟು ವರ್ಷ ನೀ ಕುಡದದ್ದು ಯಾರ ನೀರು?"