ಕಣ್ಣು ಮುಚ್ಚಿ ಹೇಳಿದ ಗಜಪಾಠ

"ಮೂರು ವರ್ಷ ಪಾಠ ಹೇಳಿದ್ದೇನೆ. ನನ್ನ ಪಾಠದಲ್ಲಿ ಕೊರತೆ ಹುಡುಕುವವನು ಇನ್ನೂ ಹುಟ್ಟಿಲ್ಲ" ಎಂದರು ವಾಮನಾಚಾರ್ಯರು.

ಕಣಗಲಗಿರಿಯ ದೊರೆ ಸೂರಪ್ಪ ನಾಯಕ ಆನೆವೈದ್ಯ ಕಲಿಸಲೆಂದು ಒಂದು ಮಹಾಪಾಠಶಾಲೆ ಕಟ್ಟಿಸಿದ್ದ. ಅದಕ್ಕೆ ಈ ಆಚಾರ್ಯರೇ ಯಜಮಾನರು.

"ಕೊರತೆ ಇರುವುದು ವಿದ್ಯಾರ್ಥಿಗಳ ತಲೆಯಲ್ಲಿ. ಒಂಬತ್ತು ಜನರಲ್ಲಿ ಒಬ್ಬನಿಗೂ ಆನೆಯ ಕಾಲಿನ ಹುಣ್ಣಿಗೆ ಮದ್ದು ಹಾಕಲು ಬರುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೂ ಸಾಕಾಗಿದೆ. ಎಲ್ಲರನ್ನೂ ಊರಿಗೆ ಅಟ್ಟಿಬಿಡಿ, ಪ್ರಭು."

ಆಸ್ಥಾನದಲ್ಲಿದ್ದ ಮಲ್ಲರಸ ಮುಂದೆ ಬಂದ. ಊರೂರು ತಿರುಗಿ ಆ ಒಂಬತ್ತು ಜನರನ್ನು ಆರಿಸಿ ತಂದವನು ಅವನೇ.

"ಒಂದು ದಿನ ಕೊಡಿ, ಪ್ರಭು. ಅವರು ದಡ್ಡರಲ್ಲ ಎಂದು ತೋರಿಸುತ್ತೇನೆ."

"ನಾಳೆ ಮಧ್ಯಾಹ್ನದವರೆಗೆ ಕೊಟ್ಟೆ. ಆಗದಿದ್ದರೆ ಅವರ ಜೊತೆ ನೀನೂ ಗಂಟುಮೂಟೆ ಕಟ್ಟು" ಎಂದ ದೊರೆ.

ಮಲ್ಲರಸ ನೇರವಾಗಿ ಪಾಠಶಾಲೆಗೆ ಹೋದ. "ಇಷ್ಟು ದಿನ ಏನು ಕಲಿತಿರಪ್ಪ?"

ಎಲ್ಲರಿಗಿಂತ ಹಿರಿಯನಾದ ಬೊಮ್ಮಯ್ಯ ಹೇಳಿದ: "ಮೊದಲ ವರ್ಷ ಐರಾವತದ ಹುಟ್ಟು. ಎರಡನೆಯ ವರ್ಷ ಅದರ ನಡಿಗೆಯ ವರ್ಣನೆ. ಈ ವರ್ಷ ದಂತದಲ್ಲಿದ್ದೇವೆ, ಸ್ವಾಮಿ. ಕಾಲು ಇನ್ನೂ ಬಂದಿಲ್ಲ."

"ಆನೆಯನ್ನು ಮುಟ್ಟಿದ್ದೀರಾ?"

"ನವರಾತ್ರಿಯ ಮೆರವಣಿಗೆಯಲ್ಲಿ ನೋಡಿದ್ದೇವೆ."

"ಗುರುಗಳನ್ನು ಕೇಳಬಾರದೇ?"

"ಪಾಠ ಹೇಳುವಾಗ ಅವರು ಕಣ್ಣು ಮುಚ್ಚಿರುತ್ತಾರೆ. ಮುಗಿಸಿ 'ಅರ್ಥವಾಯಿತಲ್ಲ?' ಎನ್ನುತ್ತಾರೆ. ನಾವು ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೋಗಿರುತ್ತಾರೆ."

ಆಚಾರ್ಯರಲ್ಲಿ ವಿದ್ವತ್ತು ಬೇಕಾದಷ್ಟಿತ್ತು, ಸುಳ್ಳು ಹೇಳಬಾರದು. ಎದುರಿಗೆ ಕುಳಿತವರ ಮುಖ ನೋಡುವುದಕ್ಕೆ ವಿದ್ವತ್ತೇನೂ ಬೇಕಿರಲಿಲ್ಲ. ಅದೊಂದನ್ನು ಅವರು ಮಾಡಿರಲಿಲ್ಲ.

ಮರುದಿನ ಬೆಳಗ್ಗೆ ಆಚಾರ್ಯರು ಪೀಠವೇರಿ, ಕಣ್ಣು ಮುಚ್ಚಿ, ದಂತದ ಎಂಬತ್ತೆರಡನೆಯ ಶ್ಲೋಕ ಎತ್ತಿಕೊಂಡರು. ಮಲ್ಲರಸ ಬಾಗಿಲಿನಿಂದ ಕೈಸನ್ನೆ ಮಾಡಿದ. ಒಂಬತ್ತೂ ಜನ ಸದ್ದಿಲ್ಲದೆ ಎದ್ದು ಗಜಶಾಲೆಗೆ ಹೋದರು.

ಮಧ್ಯಾಹ್ನ ದೊರೆ ಬಂದು ನೋಡಿದರೆ ಚಾಪೆಗಳೆಲ್ಲ ಖಾಲಿ. ಆಚಾರ್ಯರ ಕಂಠ ಮಾತ್ರ ಏರುತ್ತಲೇ ಇತ್ತು. ಕೊನೆಗೆ ಅವರು ಕಣ್ಣು ಮುಚ್ಚಿಕೊಂಡೇ ಓಲೆಗರಿ ಕಟ್ಟಿದರು.

"ಅರ್ಥವಾಯಿತಲ್ಲ?"

ಯಾರೂ ಉಸಿರೆತ್ತಲಿಲ್ಲ.

"ಇವತ್ತು ಒಬ್ಬನೂ ಕೆಮ್ಮಲಿಲ್ಲ. ಈಗ ದಾರಿಗೆ ಬರುತ್ತಿದ್ದೀರಿ" ಎಂದು ಮೆಚ್ಚಿಕೊಂಡು ಕಣ್ಣು ತೆರೆದರು. ಎದುರಿಗೆ ದೊರೆ ಮತ್ತು ಮಲ್ಲರಸ ನಿಂತಿದ್ದರು.

ದೊರೆ ಆಚಾರ್ಯರನ್ನು ಗಜಶಾಲೆಗೆ ಕರೆದೊಯ್ದ. ಅಲ್ಲಿ ಪಟ್ಟದಾನೆ ಕಬ್ಬು ಮೆಲ್ಲುತ್ತಾ ನಿಂತಿತ್ತು. ಬೊಮ್ಮಯ್ಯ ಅದರ ಕಾಲಿನ ಹುಣ್ಣು ತೊಳೆದು ಅರಿಸಿನ, ಬೇವಿನೆಣ್ಣೆ ಹಚ್ಚುತ್ತಿದ್ದ. ಉಳಿದವರು ತಮ್ಮ ಸರದಿಗೆ ಕಾಯುತ್ತಿದ್ದರು.

"ಒಂದೇ ಬೆಳಗಿನಲ್ಲಿ ಹೇಗೆ ಕಲಿಸಿದೆ?" ಎಂದು ದೊರೆ ಮಾವುತ ಕರೀಂ ಸಾಬನನ್ನು ಕೇಳಿದ.

"ನಾನೇನು ಕಲಿಸ್ದೆ, ಬುದ್ಧಿ? ನಿಮಗೆ ಏನು ಬರ್ತದೆ, ಏನು ಬರಲ್ಲ ಅಂತ ಇವರನ್ನ ಕೇಳ್ದೆ. ತಪ್ಪಿದ ಕಡೆ ಕೈ ಹಿಡಿದು ತೋರಿಸ್ದೆ."

ದೊರೆ ತಲೆದೂಗಿದ. "ಇವರು ಯಾರೂ ಊರಿಗೆ ಹೋಗುವುದು ಬೇಡ. ಮಲ್ಲರಸ, ಪಾಠಕ್ರಮವನ್ನು ಹೊಸದಾಗಿ ಬರೆಸು. ಕಲಿಯುವವನಿಗೆ ಏನು ಮಾಡಲು ಬರಬೇಕೋ ಅದು ಮೊದಲ ಓಲೆಯಲ್ಲೇ ಇರಲಿ. ಐರಾವತ ಕೊನೆಗೆ ಬರಲಿ, ಅದಕ್ಕೆ ಹುಣ್ಣಾಗುವುದಿಲ್ಲ."

ಆಚಾರ್ಯರ ಕಿವಿಗೆ ಇದ್ಯಾವುದೂ ಬಿದ್ದಿರಲಿಲ್ಲ. "ಅದಿರಲಿ, ಪ್ರಭು. ಬೆಳಗಿನಿಂದ ನಾನು ಪಾಠ ಹೇಳಿದ್ದು ಯಾರಿಗೆ?"

ಮಲ್ಲರಸ ವಿನಯದಿಂದ ಕೈಮುಗಿದ.

"ಮೂರು ವರ್ಷದಿಂದ ಇವರಿಗೂ ಅದೇ ಅನುಮಾನ, ಆಚಾರ್ಯರೇ."