ಸ್ಪ್ಯಾನರು ಹೇಳುವ ಕ್ಲಚ್ಚಿನ ಕಥೆ

ಐತಪ್ಪನ ಹಳೇ ಕಾರಿನ ಕ್ಲಚ್ ಪ್ಲೇಟ್ ಸವೆದಿತ್ತು. ಮನೆಯಲ್ಲೇ ಬದಲಿಸಲೋ, ಗ್ಯಾರೇಜಿಗೆ ಕೊಡಲೋ ಎಂದು ಅವನು ಅಳೆದು ತೂಗುತ್ತಿದ್ದಾಗ ಪೆಟ್ಟಿಗೆಯೊಳಗಿನ ಮುದಿ ಸ್ಪ್ಯಾನರು ಹಿಗ್ಗಿ ಕಾರಿಗೆ ಹೇಳಿತು:

"ಹಿಂದೊಮ್ಮೆ ಇದೇ ಅಂಗಳದಲ್ಲಿ ಒಡೆಯರೂ ನಾನೂ ಇಬ್ಬರೇ ಸೇರಿ ನಿನ್ನ ಕ್ಲಚ್ ಬದಲಿಸಿರಲಿಲ್ಲವೇ? ಆಹಾ, ಎಂಥ ದಿನ ಅದು!"

ಕಾರು ಕೇಳಿತು: "ಗೇರ್‌ಬಾಕ್ಸ್ ಕಳಚಿದಾಗ ಅವರ ಎದೆಯ ಮೇಲೆ ಬೀಳದಂತೆ ಹಿಡಿದುಕೊಂಡವರು ಯಾರು?"

"ನಾನು ಬೋಲ್ಟನ್ನಷ್ಟೇ ನೋಡುತ್ತಿದ್ದೆ," ಎಂದು ಸ್ಪ್ಯಾನರು ತಡವರಿಸಿತು.

"ಒಡತಿ ಸೇಸಮ್ಮ. ಸೆರಗು ಬಿಗಿದು, ಗಂಡನ ಪಕ್ಕದಲ್ಲೇ ಅಂಗಾತ ಮಲಗಿ ಹಿಡಿದಿದ್ದರು. ಈಗ ಅವರಿಲ್ಲ."

ಅಷ್ಟರಲ್ಲಿ ಐತಪ್ಪ ಸ್ಪ್ಯಾನರು ಹಿಡಿದು ಕಾರಿನಡಿ ಬಗ್ಗಿದ. ಪಕ್ಕದ ಖಾಲಿ ನೆಲವನ್ನು ಬಹಳ ಹೊತ್ತು ನೋಡಿದ. ಆಮೇಲೆ ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಮೆಕ್ಯಾನಿಕ್ಕಿಗೆ ಫೋನು ಮಾಡಿದ.

ಆ ದಿನದ ಕಥೆಯನ್ನು ಸ್ಪ್ಯಾನರು ಇಂದಿಗೂ ಹೇಳುತ್ತದೆ. ಮೊದಲು "ಇಬ್ಬರೇ" ಎನ್ನುತ್ತಿದ್ದ ಕಡೆ ಈಗ "ಮೂವರು" ಎನ್ನುತ್ತದೆ.