ರಬ್ಬರ್ ಬ್ಯಾಂಡೂ ಬಾಳೆನಾರೂ

ಬೇಸಿಗೆಯಲ್ಲಿ ಒಂದು ಲ್ಯಾವೆಂಡರ್ ತೋಟವನ್ನು ಜನರಿಗೆ ತೆರೆದಿದ್ದರು. ಬಂದವರು ತಾವೇ ಹೂ ಕೊಯ್ದುಕೊಳ್ಳಬಹುದು, ಆದರೆ ಒಂದು ಸಂಸಾರಕ್ಕೆ ಒಂದೇ ಕಟ್ಟು. ಕಟ್ಟುವುದಕ್ಕೆಂದು ಬಾಗಿಲ ಬಳಿಯ ತಟ್ಟೆಯಲ್ಲಿ ರಬ್ಬರ್ ಬ್ಯಾಂಡನ್ನೂ ನೆನೆಸಿದ ಬಾಳೆನಾರನ್ನೂ ಇಟ್ಟಿದ್ದರು.

“ಎಲ್ಲರೂ ನನ್ನನ್ನೇ ಆರಿಸುತ್ತಾರೆ,” ಎಂದಿತು ರಬ್ಬರ್ ಬ್ಯಾಂಡ್. “ನಾನು ಈವರೆಗೆ ಯಾರಿಗೂ ಸಾಕು ಎಂದದ್ದಿಲ್ಲ. ನೀನೋ, ಮೊದಲ ಹಿಡಿಗೇ ಬಿಗಿದುಕೊಳ್ಳುತ್ತೀಯೆ.”

“ನನ್ನ ಅಳತೆ ಅಷ್ಟೇ,” ಎಂದಿತು ನಾರು.

ಅಷ್ಟರಲ್ಲಿ ಕುಸುಮಾಕ್ಷಿ ಎಂಬಾಕೆ ಗಂಡನೊಂದಿಗೆ ಬಂದು ರಬ್ಬರ್ ಬ್ಯಾಂಡನ್ನು ಎತ್ತಿಕೊಂಡಳು. ಹೂ ಕೊಯ್ದು ಒಂದು ಹಿಡಿ ತುರುಕಿದಳು, ಅದು ಹಿಗ್ಗಿತು. ಇನ್ನೊಂದು ಹಿಡಿ ತುರುಕಿದಳು, ಮತ್ತೂ ಹಿಗ್ಗಿತು. ಗಂಡ “ಸಾಕು ಬಿಡೇ,” ಅಂದ. “ಇನ್ನೂ ಹಿಡಿಸತ್ತೆ ನೋಡಿ,” ಎಂದು ಅವನ ಕೈಯಲ್ಲಿದ್ದ ಹೂವನ್ನೂ ಇಸಿದುಕೊಂಡು ತುರುಕಿದಳು. ಬ್ಯಾಂಡು ಪಟ್ಟನೆ ಹರಿದು ಹೂವೆಲ್ಲ ಮಣ್ಣಿಗೆ ಬಿತ್ತು.

“ದರಿದ್ರದ್ದು, ಗಟ್ಟೀನೇ ಇಲ್ಲ,” ಎಂದು ಅದನ್ನು ಎಸೆದು, ಹೋಗಿ ನಾರನ್ನು ತಂದಳು. ಬಿದ್ದ ಹೂವನ್ನು ಆರಿಸಿ, ಅರ್ಧವನ್ನು ತಾನೇ ಪಕ್ಕಕ್ಕೆ ಇಟ್ಟಳು. “ಇದು ನಾರು ಕಣ್ರೀ, ಜಾಸ್ತಿ ತುಂಬಿದ್ರೆ ಕಿತ್ತುಹೋಗತ್ತೆ,” ಎಂದು ಗಂಡನಿಗೆ ಹೇಳಿ ಮೆಲ್ಲಗೆ ಗಂಟು ಹಾಕಿದಳು.

ಮಣ್ಣಿನಲ್ಲಿ ಬಿದ್ದಿದ್ದ ರಬ್ಬರ್ ಬ್ಯಾಂಡ್ ಕೇಳಿತು: “ಹರಿಯುವುದೇನೋ ನಾನೂ ಹರಿಯುತ್ತೇನೆ. ನನ್ನ ವಿಷಯದಲ್ಲಿ ಆಕೆಗೆ ಅದೇಕೆ ಹೊಳೆಯಲಿಲ್ಲ?”

“ಮೊದಲ ಹಿಡಿಗೇ ಬಿಗಿದುಕೊಂಡಿದ್ದರೆ ಹೊಳೆಯುತ್ತಿತ್ತು,” ಎಂದಿತು ನಾರು.